ಕಾಲೇಜಿನ ಮೊದಲ ವರುಷ

ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸಿ, ಶುಲ್ಕ ಕಟ್ಟಿ, ರಸೀತಿಯನ್ನು ಮಡಿಚಿ ಜೇಬಿಗಿಟ್ಟುಕೊಂಡ ದಿನ ಮನೆಯ ಹಿರಿಯರು, “ಸದ್ಯ, ಒಂದು ಹೊರೆ ಇಳಿಯಿತು” ಎಂದು ಉಸಿರುಬಿಡುವುದು ವಾಡಿಕೆ. ಹೊರೆ ಇಳಿದದ್ದು ನಿಜ. ಆದರೆ ಅದು ನೆಲಕ್ಕೆ ಇಳಿಯಲಿಲ್ಲ, ಪಕ್ಕದಲ್ಲಿ ನಿಂತಿದ್ದ ಹದಿನೆಂಟು ವರುಷದ ಮಗುವಿನ ತಲೆಗೆ ಏರಿತು. ಹಾಗೆ ಏರಿದ ಹೊರೆ ಎಂಥದು, ಅದನ್ನು ಹೊರಲು ಮಗುವಿಗೆ ಯಾರು ಹೇಗೆ ಕೈಕೊಡಬಹುದು ಎಂಬ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದಷ್ಟೆ. ಆದ್ದರಿಂದ ಒಂದು ಊರನ್ನು ಕಣ್ಣೆದುರಿಗೆ ಇಟ್ಟುಕೊಳ್ಳೋಣ. ಕಪಿಲೆಯ ದಡದ ಸರಗೂರು ಆಗಬಹುದು. ಬಹುಕಾಲ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದು, ಈಗ ತಾನೇ ಒಂದು ತಾಲ್ಲೂಕಾಗಿರುವ ಊರು. ಒಂದು ಮಗ್ಗುಲಲ್ಲಿ ಬಂಡೀಪುರ, ನಾಗರಹೊಳೆಗಳ ಕಾಡು. ಇನ್ನೊಂದು ಮಗ್ಗುಲಲ್ಲಿ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು. ಅಲ್ಲಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು. ಬೆಳಗ್ಗೆ ಬಸ್ಸು ಹತ್ತಿದರೆ ಕಾಲೇಜಿನ ಮೊದಲ ಗಂಟೆಗೆ ಸರಿಯಾಗಿ ತಲುಪಬಹುದು. “ಇದೇನು ಮಹಾ ದೂರ?” ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಹಿಂದಿನವರ ದೂರಗಳನ್ನು ನೆನೆದರೆ ಇದು ದೂರವೇ ಅಲ್ಲ. ಗೌರಿಬಿದನೂರಿನ ಕಡೆಯ ಹೊಸೂರಿನ ಹುಡುಗನೊಬ್ಬ 1935ರಲ್ಲಿ ಓದಬೇಕೆಂಬ ಹಂಬಲದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದ. ಆತನೇ ಮುಂದೆ 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದ ಎಚ್. ನರಸಿಂಹಯ್ಯನವರು. ಕಾಲಿಗೆ ಇದ್ದ ದೂರವನ್ನು ಬಸ್ಸು ಕಳೆಯಿತು. ಮನಸ್ಸಿಗೆ ಇರುವ ದೂರವನ್ನು ಕಳೆಯುವ ವಾಹನ ಇನ್ನೂ ಬಂದಿಲ್ಲ.

ಆ ದೂರ ಯಾವುದು ನೋಡೋಣ. ಸರಗೂರಿನಂಥ ಊರಿನಲ್ಲಿ ಹುಡುಗನಿಗೆ ಒಂದು ವಿಳಾಸವಿರುತ್ತದೆ. ಅವನನ್ನು ಯಾರೂ ಹೆಸರು ಕೇಳುವುದಿಲ್ಲ, “ಯಾರ ಮಗನಪ್ಪ ನೀನು?” ಎಂದು ಕೇಳುತ್ತಾರೆ. ತಂದೆಯ ಹೆಸರು ಹೇಳಿದ ಕೂಡಲೇ ತಾತನ ಹೆಸರು, ಹೊಲದ ಗುರುತು, ಸೋದರಮಾವನ ಊರು ಎಲ್ಲವೂ ಎದುರಿಗಿರುವವರ ಬಾಯಿಂದಲೇ ಬರುತ್ತವೆ. ಒಂದು ದಿನ ಶಾಲೆ ತಪ್ಪಿಸಿದರೆ ಸಂಜೆಯೊಳಗಾಗಿ ಮೇಷ್ಟರು ಸಂತೆಯಲ್ಲಿ ತಂದೆಯನ್ನು ತಡೆದು, “ಏನಪ್ಪ, ಇವತ್ತು ಮಗ ಬರಲಿಲ್ಲ?” ಎಂದು ಕೇಳುವುದು ತಪ್ಪದು. ಆಗ ಅದು ಕಿರಿಕಿರಿಯಾಗಿಯೇ ತೋರುತ್ತದೆ. ಮೈಸೂರಿನ ಕಾಲೇಜಿಗೆ ಬಂದ ಮೊದಲ ವಾರದಲ್ಲಿ ಆ ಕಿರಿಕಿರಿ ನಿಂತುಹೋಗುತ್ತದೆ. ಇಲ್ಲಿ ಅವನೊಂದು ನೋಂದಣಿ ಸಂಖ್ಯೆ. ಹಾಜರಾತಿ ಪುಸ್ತಕದಲ್ಲಿ ಅವನ ಮುಂದೆ ಒಂದು ಗೆರೆ ಬೀಳುತ್ತದೆ, ಇಲ್ಲವೆ ಬೀಳುವುದಿಲ್ಲ. ಪರೀಕ್ಷೆಗೆ ಕೂರಲು ನೂರಕ್ಕೆ 75ರಷ್ಟು ಹಾಜರಾತಿ ಬೇಕೆಂಬ ನಿಯಮವಿದೆ. ಯಾರು ಬರಲಿಲ್ಲವೆಂಬುದು ಆ ಪುಸ್ತಕಕ್ಕೆ ಚೆನ್ನಾಗಿ ಗೊತ್ತು. ಏಕೆ ಬರಲಿಲ್ಲವೆಂದು ಮಾತ್ರ ಅದು ಕೇಳಲಾರದು.

ಎರಡನೆಯದು ಭಾಷೆ. ವಿಜ್ಞಾನ ತೆಗೆದುಕೊಂಡವರಿಗೆ ಈ ಏಟು ಪಿಯುಸಿಯಲ್ಲಿಯೇ ಬಿದ್ದಿರುತ್ತದೆ. ವಾಣಿಜ್ಯಶಾಸ್ತ್ರವನ್ನು ಕನ್ನಡದಲ್ಲಿ ಓದಿ ಬಂದವರಿಗೆ ಪದವಿ ತರಗತಿಯಲ್ಲಿ ಬೀಳುತ್ತದೆ. ಅಧ್ಯಾಪಕರು “ಡೆಪ್ರಿಸಿಯೇಷನ್” ಎನ್ನುತ್ತಾರೆ. ಹುಡುಗ ತಲೆ ತಗ್ಗಿಸುತ್ತಾನೆ. ಅದು ಸವಕಳಿ ಎಂಬ ಕನ್ನಡದ ಮಾತೇ ಎಂದು ಹೇಳುವವರಿದ್ದರೆ ಅವನು ತಲೆ ಎತ್ತುತ್ತಿದ್ದ. ಏಕೆಂದರೆ ನೇಗಿಲಿನ ಗುಳ ಸವೆಯುವುದನ್ನು, ಗಾಡಿಯ ಪಟ್ಟೆ ಸವೆಯುವುದನ್ನು, ವರುಷ ವರುಷವೂ ಪಂಪುಸೆಟ್ಟಿನ ಬೆಲೆ ಇಳಿಯುವುದನ್ನು ಅವನು ಪಟ್ಟಣದ ಹುಡುಗರಿಗಿಂತ ಚೆನ್ನಾಗಿ ಬಲ್ಲ. ವಿಷಯ ಗೊತ್ತು, ಅದರ ಪಟ್ಟಣದ ಹೆಸರು ಗೊತ್ತಿಲ್ಲ. ಆದರೆ ಹೆಸರು ಗೊತ್ತಿಲ್ಲದ್ದನ್ನೇ ಅವನು ವಿಷಯ ಗೊತ್ತಿಲ್ಲದ್ದೆಂದು ತಿಳಿಯುತ್ತಾನೆ. ಇದು ಭಾಷೆ ಮಾಡುವ ಮೋಸ.

ಮೂರನೆಯದು ಹೊತ್ತಿನ ವಿಚಾರ. ಶಾಲೆಯಲ್ಲಿ ಹೊತ್ತನ್ನು ಬೇರೆಯವರು ಹಂಚಿಕೊಡುತ್ತಿದ್ದರು: ಇಷ್ಟು ಹೊತ್ತಿಗೆ ಪಾಠ, ಇಷ್ಟು ಹೊತ್ತಿಗೆ ಆಟ, ಸಂಜೆ ಹಸು ಬಿಚ್ಚುವುದು, ದೀಪ ಹಚ್ಚಿದ ಮೇಲೆ ಓದು. ಕಾಲೇಜಿನಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಪಾಠ ಮುಗಿದರೂ ಮುಗಿಯಬಹುದು. ಉಳಿದ ಹೊತ್ತು ನಿನ್ನದು ಎನ್ನುತ್ತಾರೆ. ನಿನ್ನದು ಎಂದ ಹೊತ್ತು ಯಾರದೂ ಆಗದೆ ಹೋಗುತ್ತದೆ. ಪರೀಕ್ಷೆಗಳು ಆರು ತಿಂಗಳಿಗೊಮ್ಮೆ. ಊರಿಗೆ ಹೊಂದಿಕೊಳ್ಳುವುದರೊಳಗಾಗಿ ಎರಡು ತಿಂಗಳು ಕಳೆದು, ಒಳಪರೀಕ್ಷೆಯ ಅಂಕಗಳು ಬಂದು, ಅವು ಪಿಯುಸಿಯ ಅಂಕಗಳ ಅರ್ಧಕ್ಕೆ ಇಳಿದಿರುತ್ತವೆ.

ಈ ಮೂರೂ ಸೇರಿದಾಗ ಹುಡುಗನ ಮನಸ್ಸು ಒಂದು ಲೆಕ್ಕ ಹಾಕುತ್ತದೆ. “ಇಲ್ಲಿರುವವರಿಗೆಲ್ಲ ಗೊತ್ತಿದೆ, ನನಗೊಬ್ಬನಿಗೇ ಗೊತ್ತಿಲ್ಲ. ಆದ್ದರಿಂದ ನಾನು ದಡ್ಡ.” ಅವನ ಹಿಂದಿನ ಬೆಂಚಿನಲ್ಲಿ ಪಿರಿಯಾಪಟ್ಟಣದಿಂದ ಬಂದ ಹುಡುಗಿ ಕುಳಿತು ಇದೇ ಲೆಕ್ಕ ಹಾಕುತ್ತಿರುತ್ತಾಳೆ. ಅವಳ ಪಕ್ಕದ ಕೃಷ್ಣರಾಜನಗರದವಳದೂ ಅದೇ ಲೆಕ್ಕ. ಮೈಸೂರಿನಲ್ಲೇ ಹುಟ್ಟಿ ಬೆಳೆದವನು ಕೂಡ ಬೇರೊಂದು ಕಾರಣಕ್ಕೆ ಅದನ್ನೇ ನೆನೆಯುತ್ತಿದ್ದಾನು. ಒಬ್ಬರೂ ಬಾಯಿ ಬಿಡುವುದಿಲ್ಲವಾದ್ದರಿಂದ ಎಲ್ಲರ ಲೆಕ್ಕವೂ ತಪ್ಪಾಗಿಯೇ ಉಳಿಯುತ್ತದೆ.

ಕೆಲವರು ಈ ಲೆಕ್ಕವನ್ನು ನುಂಗಿಕೊಂಡು ಮುಂದೆ ಸಾಗುತ್ತಾರೆ. ಕೆಲವರು ದಸರೆಗೋ ದೀಪಾವಳಿಗೋ ಊರಿಗೆ ಹೋದವರು ಮತ್ತೆ ಬರುವುದಿಲ್ಲ. ಊರಿನವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ: “ಓದು ಹತ್ತಲಿಲ್ಲ.” ಹುಡುಗನಾದರೆ ತಂದೆಯ ಜೊತೆ ಹೊಗೆಸೊಪ್ಪಿನ ಬ್ಯಾರನ್ನಿನ ಕೆಲಸಕ್ಕೆ ನಿಲ್ಲುತ್ತಾನೆ. ಹುಡುಗಿಯಾದರೆ ಮನೆಯಲ್ಲಿ ಗಂಡು ನೋಡುವ ಮಾತು ಶುರುವಾಗುತ್ತದೆ. ಹೊಲದ ಕೆಲಸವಾಗಲಿ ಮದುವೆಯಾಗಲಿ ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಹತ್ತು ಹನ್ನೆರಡು ವರುಷ ಓದಿ, ತಾಲ್ಲೂಕಿಗೆ ಒಳ್ಳೆಯ ಹೆಸರು ತಂದ ಮಗುವಿಗೆ ಮೂರೇ ತಿಂಗಳಲ್ಲಿ ಓದು ಹತ್ತದೆ ಹೋಯಿತೆಂದರೆ ನಂಬಬಹುದೆ? ಅನೇಕ ವೇಳೆ ಹತ್ತದೆ ಹೋದದ್ದು ಓದಲ್ಲ, ಊರು. ಈ ವ್ಯತ್ಯಾಸವನ್ನು ನಾವು ಅರಿತುಕೊಳ್ಳುವುದರ ಮೇಲೆ ಒಂದು ಜೀವನದ ದಾರಿಯೇ ನಿಂತಿದೆ.

ಈ ವಿಷಯದಲ್ಲಿ ಬೇರೆ ದೇಶದವರೂ ತಲೆ ಕೆಡಿಸಿಕೊಂಡಿದ್ದಾರೆ. ಅಮೆರಿಕದಲ್ಲಿ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗದ ಫಲ 2011ರಲ್ಲಿ ಪ್ರಕಟವಾಯಿತು. ಅವರು ಮಾಡಿದ್ದು ಇಷ್ಟೆ. ಕಾಲೇಜಿನ ಮೊದಲ ವರುಷದ ವಿದ್ಯಾರ್ಥಿಗಳನ್ನು ಕೂಡಿಸಿ, ಹಿರಿಯ ವಿದ್ಯಾರ್ಥಿಗಳ ಅನುಭವಗಳನ್ನು ಓದಲು ಕೊಟ್ಟರು. “ಮೊದಮೊದಲು ನಮಗೂ ಇದು ನಮ್ಮ ಜಾಗವಲ್ಲ ಎನ್ನಿಸಿತ್ತು, ಬರಬರುತ್ತ ಆ ಭಾವನೆ ಹೋಯಿತು” ಎಂಬುದು ಆ ಅನುಭವಗಳ ಸಾರ. ಒಂದು ಗಂಟೆಯ ಕೆಲಸ. ಆದರೆ ಆ ದೇಶದಲ್ಲಿ ಹಿಂದಿನಿಂದ ಕಡೆಗಣಿಸಲ್ಪಟ್ಟಿದ್ದ ಆಫ್ರಿಕನ್ ಮೂಲದ ವಿದ್ಯಾರ್ಥಿಗಳ ಅಂಕಗಳು ಅನಂತರದ ಮೂರು ವರುಷಗಳಲ್ಲಿ ಏರಿದವು. ಬುದ್ಧಿಯನ್ನು ಯಾರೂ ಹೆಚ್ಚಿಸಿರಲಿಲ್ಲ; ತಪ್ಪು ಲೆಕ್ಕವನ್ನು ತಿದ್ದಿದ್ದರು. 2023ರಲ್ಲಿ ಪ್ರಕಟವಾದ ಮತ್ತೊಂದು ದೊಡ್ಡ ಪ್ರಯೋಗ 22 ಕಾಲೇಜುಗಳ 26 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಯಿತು. ಅದರಿಂದ ಇನ್ನೊಂದು ಅಂಶವೂ ತಿಳಿದುಬಂತು: ಬರಿಯ ಧೈರ್ಯದ ಮಾತು ಸಾಲದು, ಬಂದವರನ್ನು ತಮ್ಮವರೆಂದು ಸೇರಿಸಿಕೊಳ್ಳುವ ಅವಕಾಶ ಆ ಕಾಲೇಜಿನಲ್ಲಿ ಇದ್ದ ಕಡೆಯೇ ಆ ಮಾತು ಫಲ ಕೊಟ್ಟಿತು. ಬೀಜ ಒಳ್ಳೆಯದಿದ್ದರೂ ನೆಲ ಬೇಕಲ್ಲವೆ?

ಇಷ್ಟು ದೂರ ಹೋಗಿ ಕಲಿಯಬೇಕಾದ್ದೇನೂ ಇಲ್ಲ. ಈ ಪಾಠ ನಮ್ಮ ಮೈಸೂರಿನ ಬೀದಿಯಲ್ಲಿ ವರುಷ ವರುಷವೂ ನಡೆಯುತ್ತದೆ. ದಸರೆಯ ಆನೆಗಳು ಬರುವುದು ಎಲ್ಲಿಂದ? ಸರಗೂರಿನ ಸುತ್ತಮುತ್ತಲ ಇದೇ ಕಾಡುಸೀಮೆಯಿಂದ. 2012ರಿಂದ 2019ರವರೆಗೆ ಎಂಟು ಬಾರಿ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನ, ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಆನೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣವನ್ನು ಕಳಿಸಿಕೊಡುತ್ತಾರೆ. ಕಾಡಿನಿಂದ ಬಂದ ಆನೆಯ ಬೆನ್ನಿನ ಮೇಲೆ ಮಾರನೆಯ ದಿನವೇ 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಇಡುತ್ತಾರೆಯೆ? ಇಲ್ಲ. ವಾರಗಟ್ಟಲೆ ಮುಂಚೆಯೇ ಕರೆತರುತ್ತಾರೆ. ಅರಮನೆಯಿಂದ ಬನ್ನಿಮಂಟಪದವರೆಗೆ ದಿನದಿನವೂ ನಡೆಸುತ್ತಾರೆ. ಮೊದಲು ಬರಿ ಬೆನ್ನು. ಆಮೇಲೆ ಮರಳಿನ ಮೂಟೆ. ಮೂಟೆಯ ತೂಕ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ. ಕಡೆಗೆ ಮರದ ಅಂಬಾರಿ. ಫಿರಂಗಿಯ ಸದ್ದಿಗೆ ಬೆಚ್ಚದಂತೆ ಆ ಸದ್ದನ್ನೂ ಅಭ್ಯಾಸ ಮಾಡಿಸುತ್ತಾರೆ. ಮೊದಲ ದಿನ ಬೆಚ್ಚಿದ ಆನೆಯನ್ನು “ಇದಕ್ಕೆ ದಸರೆ ಹತ್ತಲಿಲ್ಲ” ಎಂದು ಯಾರೂ ಕಾಡಿಗೆ ಹಿಂದಕ್ಕೆ ಅಟ್ಟುವುದಿಲ್ಲ.

ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಆನೆಯನ್ನು ಒಂಟಿಯಾಗಿ ಕಳಿಸುವುದಿಲ್ಲ. ಅದು ಬಲ್ಲ ಮಾವುತ, ಅದು ಬಲ್ಲ ಕಾವಾಡಿ, ಅವರ ಹೆಂಡತಿ ಮಕ್ಕಳು ಎಲ್ಲರೂ ಜೊತೆಗೆ ಬಂದು ಅರಮನೆಯ ಆವರಣದಲ್ಲಿ ಬೀಡುಬಿಡುತ್ತಾರೆ. ಹೊಸ ಊರಿನ ಗದ್ದಲದ ನಡುವೆ ಆ ಪ್ರಾಣಿಗೆ ಒಂದು ಹಳೆಯ ದನಿ ಕೇಳುತ್ತಿರುತ್ತದೆ. ಆನೆಗೆ ಕೊಡುವಷ್ಟು ಕಾಲಾವಕಾಶವನ್ನೂ ಜೊತೆಯನ್ನೂ ಅದೇ ಸೀಮೆಯಿಂದ ಬಂದ ಮಕ್ಕಳಿಗೆ ಕೊಡಬಾರದೆ?

ಹಿಂದೆ ಈ ಜೊತೆ ಹೇಗೆ ದೊರೆಯುತ್ತಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ನಮ್ಮ ಹಿರಿಯರ ಕಾಲದಲ್ಲಿ ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ವಾರಾನ್ನದ ಪದ್ಧತಿ ಇತ್ತು. ಬಡ ವಿದ್ಯಾರ್ಥಿಗೆ ವಾರದ ಏಳು ದಿನಕ್ಕೆ ಏಳು ಮನೆ. ಸೋಮವಾರ ಒಬ್ಬರಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಅದನ್ನು ಈಗ ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಎಷ್ಟೋ ಮನೆಗಳಲ್ಲಿ ಅನ್ನದ ಜೊತೆಗೆ ಅವಮಾನವನ್ನೂ ಬಡಿಸುತ್ತಿದ್ದರು. ಮೇಲಾಗಿ ಜಾತಿಯ ಬಾಗಿಲು ದಾಟಿದವರಿಗಷ್ಟೇ ಆ ಎಲೆ, ಉಳಿದವರಿಗೆ ಬೀದಿ. ಆದರೂ ಅದರಲ್ಲಿ ಯಾರೂ ಯೋಚಿಸಿ ಇಡದ ಒಂದು ಗುಣವಿತ್ತು. ಬುಧವಾರದ ಹುಡುಗ ಬುಧವಾರ ಬರದೆ ಹೋದರೆ, ಆ ಮನೆಯಾಕೆ, “ಇವತ್ತು ಹುಡುಗ ಬರಲೇ ಇಲ್ಲವಲ್ಲ, ಜ್ವರವೋ ಏನೋ!” ಎಂದು ಒಂದು ಸಲವಾದರೂ ಅನ್ನುತ್ತಿದ್ದಳು. ಬಾರದ ದಿನ ಕೇಳುವವರು ಇದ್ದರು.

ಆ ಪದ್ಧತಿಯ ಅನ್ಯಾಯವನ್ನು ಕಂಡವರು ವಿದ್ಯಾರ್ಥಿನಿಲಯಗಳನ್ನು ಕಟ್ಟಿದರು. ಮೈಸೂರಿನ ಜನ ಪ್ರೀತಿಯಿಂದ ತಾತಯ್ಯ ಎಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯವನ್ನು ಸ್ಥಾಪಿಸಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿಯಿಂದ ಹಿಂದುಳಿದವರ ಓದಿನ ಪ್ರಶ್ನೆ ಸರ್ಕಾರದ ಪ್ರಶ್ನೆಯಾಯಿತು. ಸರಗೂರಿನಿಂದ ಕೆಳಗೆ ಹರಿದುಬರುವ ಇದೇ ಕಪಿಲೆಯ ದಡದ ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದು, ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿದ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದ ಮೇಲೆ, ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲಿನ ಅನ್ನ ಯಾರದೋ ದಯೆಯಾಗದೆ ಹಕ್ಕಿನ ಅನ್ನವಾಗುವ ಕಾಲ ಬಂತು. ಇಂದು ಸರಗೂರು, ಪಿರಿಯಾಪಟ್ಟಣಗಳ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಹುಟ್ಟಿಕೊಂಡದ್ದು ಈ ಹಾಸ್ಟೆಲುಗಳ ಊಟದ ಸಾಲಿನಿಂದಲೇ. ಈ ಉಪಕಾರವನ್ನು ಮರೆಯಲಾಗದು.

ಆದರೆ ಒಂದು ಸಾಲು ಬಿಟ್ಟುಹೋಯಿತು. ನೂರು ಹುಡುಗರು ಉಣ್ಣುವ ಕಡೆ ಒಬ್ಬ ಉಣ್ಣಲು ಬಾರದಿದ್ದರೆ ಅಡಿಗೆಯವನಿಗೆ ಅನ್ನ ಉಳಿಯುತ್ತದೆ, ಅಷ್ಟೆ. ವಾರ್ಡನ್ನರಿಗೆ ನೂರೆಂಟು ಕಡತ. ಬಾಡಿಗೆಯ ಕೊಠಡಿಯಲ್ಲಿರುವವರ ಸ್ಥಿತಿ ಇನ್ನೂ ಒಂಟಿ. ಹಿಂದೆ ಅನ್ನಕ್ಕೆ ಅಂಟಿಕೊಂಡಿದ್ದ ಅವಮಾನವನ್ನು ನಾವು ಕಿತ್ತುಹಾಕಿದೆವು; ಅದು ಆಗಲೇಬೇಕಾಗಿತ್ತು. ಜೊತೆಯಲ್ಲಿ “ಏಕೆ ಬರಲಿಲ್ಲ?” ಎಂಬ ವಿಚಾರಣೆಯೂ ಕಿತ್ತುಬಂತು. ಅದನ್ನು ಮಾತ್ರ ಮತ್ತೆ ನೆಡಬೇಕಾಗಿದೆ.

ಆ ವಿಚಾರಣೆಯ ಬೆಲೆ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. ಮಲೆನಾಡಿನ ಕುಪ್ಪಳಿಯಿಂದ ಓದಲೆಂದು ಮೈಸೂರಿಗೆ ಬಂದ ಒಬ್ಬ ತರುಣ, ಮಹಾರಾಜಾ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಕಾಯಿಲೆ ಬಿದ್ದರು. ಮನೆ ದೂರ, ನೋಡಿಕೊಳ್ಳುವವರಿಲ್ಲ. ಮೈಸೂರಿನ ರಾಮಕೃಷ್ಣಾಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆ ತರುಣನನ್ನು ವಿಚಾರಿಸಿಕೊಂಡು, 1926ರಲ್ಲಿ ಆಶ್ರಮಕ್ಕೆ ಕರೆತಂದು ಇರಿಸಿಕೊಂಡರು. ಅಲ್ಲಿ ಇದ್ದುಕೊಂಡೇ ಅವರು 1927ರಲ್ಲಿ ಬಿ.ಎ. ಮುಗಿಸಿದರು, 1929ರಲ್ಲಿ ಕನ್ನಡ ಎಂ.ಎ. ಮುಗಿಸಿದರು, 1956ರಲ್ಲಿ ಅದೇ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಕುವೆಂಪು ಅವರ ಪ್ರತಿಭೆಯನ್ನು ಸ್ವಾಮಿಗಳು ಕೊಟ್ಟರೆಂದು ನಾನು ಹೇಳುತ್ತಿಲ್ಲ, ಅದು ತಂದದ್ದೇ. ಆದರೆ ಅಂಥ ಪ್ರತಿಭೆಗೂ ಒಂದು ದಿನ, ಬಾಗಿಲು ತಟ್ಟಿ “ಹೇಗಿದ್ದೀಯೆ?” ಎನ್ನುವವರು ಬೇಕಾಯಿತು. ನಮ್ಮ ನಿಮ್ಮ ಮಕ್ಕಳಿಗೆ ಬೇಡವೆ?

ಇನ್ನು ಮಾಡಬಹುದಾದ್ದೇನು ಎಂಬ ವಿಚಾರ. ಮೊದಲು ವಿದ್ಯಾರ್ಥಿ ಮಿತ್ರರಿಗೆ. ದಸರೆಯವರೆಗೆ ನಿಮ್ಮ ಮೇಲೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಆನೆಗೂ ಅಷ್ಟು ಕಾಲ ಹಿಡಿಯುತ್ತದೆ. ಎರಡನೆಯದಾಗಿ, ಪಾಠದಲ್ಲಿ ಅರ್ಥವಾಗದ ಇಂಗ್ಲಿಷ್ ಮಾತುಗಳಿಗೆ ಒಂದು ಪುಟ್ಟ ನೋಟುಪುಸ್ತಕವಿಡಿ. ಎಡಗಡೆ ಇಂಗ್ಲಿಷ್ ಮಾತು, ಬಲಗಡೆ ನಿಮಗೆ ಗೊತ್ತಿರುವ ಕನ್ನಡದ ಮಾತು. ಇಂಗ್ಲಿಷ್ ಭಾಷೆ ಸಮುದ್ರವಿರಬಹುದು; ನಿಮ್ಮ ವಿಷಯದ ಮಾತುಗಳು ಒಂದು ಕೆರೆ, ಈಜಿ ದಾಟಬಹುದು. ಇದಕ್ಕಾಗಿಯೇ ಹಿರಿಯ ವಿದ್ವಾಂಸರು ದುಡಿದು, ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟನ್ನು 1946ರಲ್ಲಿ ಹೊರತಂದರು. ಗ್ರಂಥಭಂಡಾರದಲ್ಲಿ ಕೇಳಿ ನೋಡಿ. ಕಲಾ ವಿಷಯಗಳನ್ನು ಕನ್ನಡದಲ್ಲಿಯೇ ಬರೆಯುವ ಅವಕಾಶವೂ ಇದೆ. ಅದನ್ನು ಬಳಸಿಕೊಳ್ಳುವುದರಲ್ಲಿ ಯಾವ ಕೀಳೂ ಇಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಒಬ್ಬ ಅಧ್ಯಾಪಕರಿಗೆ ನಿಮ್ಮ ಹೆಸರು ಗೊತ್ತಾಗುವಂತೆ ಮಾಡಿಕೊಳ್ಳಿ. ಒಬ್ಬರು ಸಾಕು. ಪಾಠ ಮುಗಿದ ಮೇಲೆ ಹೋಗಿ ಒಂದು ಸಂದೇಹ ಕೇಳಿ. ಕೇಳಿದರೆ ದಡ್ಡನೆಂದುಕೊಳ್ಳುತ್ತಾರೆಂಬ ಭಯ ಬೇಡ. ಕೇಳುವವರೇ ಇಲ್ಲವೆಂಬುದು ಅಧ್ಯಾಪಕರ ಕೊಠಡಿಯ ನಿತ್ಯದ ಕೊರಗು. ಹಾಗೆಯೇ ಒಬ್ಬ ಗೆಳೆಯನೊಡನೆ, ಒಬ್ಬ ಗೆಳತಿಯೊಡನೆ ಒಂದು ಕರಾರು ಮಾಡಿಕೊಳ್ಳಿ: “ನಾನು ಬಾರದ ದಿನ ನೀನು ಕೇಳು, ನೀನು ಬಾರದ ದಿನ ನಾನು ಕೇಳುತ್ತೇನೆ.” ಖರ್ಚಿಲ್ಲದ ಕರಾರು. ತುಂಟಾಟದ ಹೆಸರಿನಲ್ಲಿ ಯಾರಾದರೂ ಪೀಡಿಸಿದರೆ ಸಹಿಸಿಕೊಂಡು ಕೂರಬೇಡಿ. ರ‍್ಯಾಗಿಂಗನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2009ರಲ್ಲಿಯೇ ಕಟ್ಟುನಿಟ್ಟಾದ ನಿಯಮ ಮಾಡಿದೆ. ದೂರು ಕೊಡುವುದು ಹೇಡಿತನವಲ್ಲ.

ದಿನವೂ ಬಸ್ಸಿನಲ್ಲಿ ಬಂದುಹೋಗುವವರಿಗೆ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಒಂದು ಮಾತು. 2023ರ ಜೂನ್ ತಿಂಗಳಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲವಾದ್ದರಿಂದ, ದಿನವೂ ಬಂದು ಓದುವ ದಾರಿ ಅವರಿಗೆ ಹಗುರವಾಗಿದೆ. ಆದರೆ ಸಂಜೆಯ ಬಸ್ಸಿಗೆ ಓಡುವವರಿಗೆ ಕಾಲೇಜೆಂದರೆ ಬರಿಯ ಪಾಠದ ಕೊಠಡಿ. ಗ್ರಂಥಭಂಡಾರವಾಗಲಿ, ಆಟವಾಗಲಿ, ಭಾಷಣ ಸ್ಪರ್ಧೆಯಾಗಲಿ ಅವರ ಪಾಲಿಗಿಲ್ಲ. ಮನೆಯವರು ವಾರದಲ್ಲಿ ಒಂದೇ ಒಂದು ದಿನ ಒಂದು ಬಸ್ಸು ತಡವಾಗಿ ಬರಲು ಒಪ್ಪಿದರೆ ಎಷ್ಟೋ ಆಯಿತು. ನಾಲ್ಕು ಮಂದಿ ಹುಡುಗಿಯರು ಕೂಡಿ ಬಂದರೆ ಭಯವೂ ಇಲ್ಲ, ಬಸ್ಸಿನ ಒಂದೂವರೆ ಗಂಟೆ ಒಂದು ಪಾಠವೂ ಆದೀತು. ಕಾಡಿನಂಚಿನ ಹಾಡಿಗಳಿಂದ ಬರುವ ಜೇನುಕುರುಬರ, ಬೆಟ್ಟಕುರುಬರ ಮಕ್ಕಳಿಗಂತೂ ಮನೆಯಲ್ಲಿ ಕಾಲೇಜಿನ ಸುದ್ದಿ ಹೇಳಿಕೊಡುವ ಹಿರಿಯರೇ ಇರುವುದಿಲ್ಲ. ಅವರ ಜೊತೆಗೆ ಅದೇ ಬಸ್ಸಿನ ಹಿರಿಯ ವಿದ್ಯಾರ್ಥಿಯೊಬ್ಬರು ಕುಳಿತುಕೊಂಡರೆ ಅದು ದೊಡ್ಡ ಸಹಾಯ.

ಎರಡನೆಯದಾಗಿ ತಂದೆತಾಯಿಗಳಿಗೆ. ಈಗ ಕೈಯಲ್ಲೇ ಫೋನು. ಸಂಜೆ ಸಂಜೆಗೂ ಮಾತು. “ಊಟ ಮಾಡ್ದ್ಯಾ ಮಗ?” ಎಂದು ತಾಯಿ, “ಚೆನ್ನಾಗಿ ಓದ್ತಿದ್ದೀಯ?” ಎಂದು ತಂದೆ. ಎರಡಕ್ಕೂ “ಹೂಂ” ಎಂಬುದೇ ಉತ್ತರ. ಆ “ಹೂಂ” ಎಂಬುದರ ಹಿಂದೆ ಏನಿದೆಯೆಂದು ತಿಳಿಯುವುದಿಲ್ಲ. ಅದರ ಬದಲು, “ಇವತ್ತು ಯಾರ ಜೊತೆ ಕೂತು ಉಂಡೆ?” ಎಂದು ಕೇಳಿ ನೋಡಿ. ಹೆಸರು ಬಂದರೆ ಚಿಂತೆಯಿಲ್ಲ. ವಾರಗಟ್ಟಲೆ ಒಂದೂ ಹೆಸರು ಬಾರದಿದ್ದರೆ ಒಂದು ಭಾನುವಾರ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರುವುದು ಒಳ್ಳೆಯದು. ಮೊದಲ ಪರೀಕ್ಷೆಯ ಅಂಕಗಳನ್ನು ಹಿಡಿದು ಪಕ್ಕದ ಮನೆಯ ಮಗನ ಉಪಮೆ ಕೊಡಬೇಡಿ. ಮಗು ಬಿಟ್ಟುಬರುತ್ತೇನೆಂದರೆ ಬೈಯಲೂ ಬೇಡಿ, ಕೂಡಲೇ ಒಪ್ಪಲೂ ಬೇಡಿ. ಆ ಕೋರ್ಸು ಅವನಿಗೆ ತಕ್ಕದ್ದಲ್ಲದಿರಬಹುದು. ವಿಷಯ ಬದಲಾಯಿಸುವುದು ಸೋಲಲ್ಲ. ಆದರೆ ಆ ತೀರ್ಮಾನ ಯೋಚನೆಯಿಂದ ಬರಲಿ, ಒಂಟಿತನದಿಂದ ಬರಬಾರದು.

ಮೂರನೆಯದಾಗಿ ಮೈಸೂರಿನ ಮನೆವಂದಿಗರಿಗೆ. ನಿಮ್ಮ ಮಹಡಿಯ ಮೇಲಿನ ಕೊಠಡಿಯಲ್ಲಿ, ಹಿತ್ತಲಿನ ಕೊಠಡಿಯಲ್ಲಿ ಇಂಥ ಮಕ್ಕಳು ಬಾಡಿಗೆಗಿದ್ದಾರೆ. ತಿಂಗಳ ಮೊದಲ ವಾರದಲ್ಲಿ ಬಾಡಿಗೆಗೆ ಅವರ ಬಾಗಿಲು ತಟ್ಟುತ್ತೀರಿ. ನಡುವೆ ಒಂದು ದಿನ ಸುಮ್ಮನೆ ತಟ್ಟಬಾರದೆ? ಹಬ್ಬದ ದಿನ ಒಂದು ಎಲೆ ಹೆಚ್ಚಿಗೆ ಹಾಕಿ, ಜಾತಿ ಕೇಳದೆ. ಮೈಸೂರಿನ ಎಷ್ಟೋ ಬಡಾವಣೆಗಳ ನಲ್ಲಿಯಲ್ಲಿ ಬರುವುದು ಸರಗೂರಿನ ಮುಂದೆ ಹರಿದುಬಂದ ಕಪಿಲೆಯ ನೀರೇ. ಆ ಊರಿನ ನೀರು ಕುಡಿದು ಆ ಊರಿನ ಮಕ್ಕಳನ್ನು ಪರಕೀಯರೆನ್ನುವುದು ಹೇಗೆ?

ಕಾಲೇಜುಗಳಿಗೂ ಒಂದು ವಿನಂತಿಯಿದೆ. ಸ್ವಾಗತ ಸಮಾರಂಭಕ್ಕೆ ಅತಿಥಿಗಳ ಭಾಷಣ, ಹಾರ ತುರಾಯಿ ಇರಲಿ. ಅದರ ಜೊತೆಗೆ ಮೂರನೆಯ ವರುಷದ ನಾಲ್ಕು ಮಂದಿ ಹಳ್ಳಿಯ ವಿದ್ಯಾರ್ಥಿಗಳನ್ನು ವೇದಿಕೆಗೆ ಕರೆದು, “ಮೊದಲ ಮೂರು ತಿಂಗಳು ನಮಗೆ ಹೀಗಾಗಿತ್ತು” ಎಂದು ಹತ್ತು ಹತ್ತು ನಿಮಿಷ ಹೇಳಿಸಿದರೆ ಅದಕ್ಕಿಂತ ದೊಡ್ಡ ಸ್ವಾಗತ ಇಲ್ಲ. ಮತ್ತೆ, ಹಾಜರಾತಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ಸತತವಾಗಿ ಐದು ದಿನ ಗೆರೆ ಬೀಳದಿದ್ದರೆ ದಂಡ ಹಾಕುವ ಮುನ್ನ ಒಬ್ಬರು ಹೋಗಿ ನೋಡಿಬರುವ ಏರ್ಪಾಡಾಗಲಿ.

ಈ ಮಾತುಗಳನ್ನು ರೇಡಿಯೋದ ಮುಂದೆ ಕುಳಿತ ಮನೆಗಳಿಗೆ ಹೇಳುವುದರಲ್ಲಿ ಒಂದು ಔಚಿತ್ಯವೂ ಇದೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದವರು ಮಹಾರಾಜಾ ಕಾಲೇಜಿನ ಅಧ್ಯಾಪಕರಾದ ಎಂ.ವಿ. ಗೋಪಾಲಸ್ವಾಮಿಯವರು. ಅವರು ಕಲಿಸುತ್ತಿದ್ದದ್ದು ಮನಶ್ಶಾಸ್ತ್ರ. ಅವರ 'ಆಕಾಶವಾಣಿ'ಯ ಹೆಸರೇ ಇಂದು ದೇಶದ ಬಾನುಲಿಗೆಲ್ಲ ಹೆಸರಾಗಿದೆ. ಆಕಾಶದಿಂದ ಬಂದ ಮಾತು ಎಲ್ಲರಿಗೂ ಕೇಳಿಸುತ್ತದೆ. ಆದರೆ ಅದು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯಲಾರದು. ಆ ಕೆಲಸ ನೆಲದ ಮೇಲಿರುವವರದು, ನಮ್ಮದು. ಈ ವರುಷ ನಮ್ಮ ಬೀದಿಗೆ, ನಮ್ಮ ತರಗತಿಗೆ, ನಮ್ಮ ಬಸ್ಸಿಗೆ ಹೊಸದಾಗಿ ಬಂದ ಒಂದು ಮಗುವಿನ ಹೆಸರನ್ನು ನಾವು ಒಬ್ಬೊಬ್ಬರೂ ಕೇಳಿ ತಿಳಿದುಕೊಂಡರೆ, ಮುಂದಿನ ದೀಪಾವಳಿಯಲ್ಲಿ “ಓದು ಹತ್ತಲಿಲ್ಲ” ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರಲಾರದು.